ರೋಮಿನ ಕಟ್ಟೆಮನೆ

ಮೊನ್ನೆ ಮಧುಗಿರಿಯ ಬೇಕರಿಯೊಂದರ ಮುಂದೆ ಗುಲಾಬಿ ಅಚ್ಚಿನ ತಿಂಡಿ ಕರಿಯುವ ವಾಸನೆ ಬಂತು. ಕಾಲುಗಳು ಅಲ್ಲೇ ನಿಂತವು. ಟೀಚರಮ್ಮನ ಮನೆಯ ಕ್ರಿಸ್‌ಮಸ್ ವಾಸನೆ ಅದು...

ಎಂಬತ್ತರ ಆಸುಪಾಸಿನ ಮಾತು. ಶಿರಾ ಕಡೆಯ ಗೊಲ್ಲರ ಹಟ್ಟಿಯವನಾದ ನಾನು ಪಾವಗಡದ ಬಸ್ಸಿನಲ್ಲಿ ಕ್ಲೀನರ್ ಆಗಿದ್ದೆ. ಸರ್ಕಾರಿ ಬಸ್ಸಿಗೆ ಕಂಡಕ್ಟರ್ ಆಗಬೇಕೆಂಬ ಆಸೆ. ಅದಕ್ಕೆ ಎಸ್ಸೆಸ್ಸೆಲ್ಸಿ ಬೇಕು. ಮೀಸೆ ಬಂದ ಮೇಲೆ ಕಟ್ಟಿದ ಪರೀಕ್ಷೆಯಲ್ಲಿ ಸಮಾಜ ವಿಜ್ಞಾನವೊಂದು ಕೈಕೊಟ್ಟಿತ್ತು. ನಮ್ಮ ಬಸ್ಸಿನಲ್ಲೇ ಓಡಾಡುತ್ತಿದ್ದ, ಮಧುಗಿರಿಯ ಚರ್ಚಿನ ಹಿಂದಿನ ಮನೆಯ ನಿವೃತ್ತ ಟೀಚರಮ್ಮ ಸಂಜೆ ಪಾಠಕ್ಕೆ ಬಾ ಎಂದರು.

ಟೀಚರಮ್ಮನ ಚರ್ಚಿಗೆ ಮೂಲವಾದ ಇಂಗ್ಲೆಂಡಿನ ಚರ್ಚು ರೋಮಿನಿಂದ ಯಾಕೆ ಬೇರೆಯಾಯಿತು ಎಂಬುದು ಮಾತ್ರ ತಲೆಗೆ ಹತ್ತಲೇ ಇಲ್ಲ. ಅವರು ಪುಸ್ತಕ ಮುಚ್ಚಿಟ್ಟರು.

"ನಿಮ್ಮ ಹಟ್ಟೀಲಿ ಮದುವೆ ಬಿಡಿಸ್ಬೇಕಂದ್ರೆ ಯಾರನ್ನ ಕೇಳ್ತೀರಪ್ಪ?"

"ಕಟ್ಟೆಮನೆ ಯಜಮಾನ್ರನ್ನ. ನಮ್ ಕುಲದ ನ್ಯಾಯ ಎಲ್ಲಾ ಅಲ್ಲೇ."

"ಅವ್ರು ಆಗಲ್ಲ ಅಂದ್ರೆ?"

"ಬಾಯ್ ಮುಚ್ಕಂಡ್ ಬರ್ಬೇಕು."

"ಇಂಗ್ಲೆಂಡಿನ ರಾಜ ಬಾಯಿ ಮುಚ್ಚಲಿಲ್ಲ ಕಣಪ್ಪ. ರೋಮಿನ ಪೋಪು ಅವನ ಮದುವೆ ಬಿಡಿಸಲ್ಲ ಅಂದ್ರು. ನನ್ ದೇಶದ ಚರ್ಚಿಗೆ ನಾನೇ ಯಜಮಾನ ಅಂದ್ಬುಟ್ಟ."

"ಅಂಗಾದ್ರೆ ನಿಮ್ ಚರ್ಚು ಹುಟ್ಟಿದ್ದು ಹೆಂಡ್ತಿ ಬಿಡೋಕಾ ಟೀಚರಮ್ಮ?"

ಬೈಯುತ್ತಾರೆ ಎಂದುಕೊಂಡೆ. ಸೆರಗು ಬಾಯಿಗೆ ಹಿಡಿದು ನಕ್ಕರು. "ಅದೊಂದೇ ಅಲ್ಲ ಕಣೋ. ತಮ್ಮ ಮಾತಲ್ಲೇ ದೇವರನ್ನ ಕರೀಬೇಕು ಅನ್ನೋ ಆಸೆ ಜನಕ್ಕೂ ಇತ್ತು. ಜಗಳದ ಮನೇಲಿ ಹುಟ್ಟಿದ ಕೂಸು ಒಳ್ಳೇದಾಗಲ್ವಾ?"

ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು. ಖುಷಿಯಲ್ಲಿ ಬರೆದೆ. ಹೊರಗೆ ಬಂದ ಮೇಲೆ ನೆನಪಾಯಿತು. ರಾಜನು ರೋಮಿನ ಕಟ್ಟೆಮನೆ ಬಿಟ್ಟು ತಾನೇ ಕಟ್ಟೆಮನೆ ಕಟ್ಟಿದನು ಎಂದು ಬರೆದುಬಿಟ್ಟಿದ್ದೆ! ಡ್ರೈವರಣ್ಣ, "ಲೇ, ಇನ್ ಜನ್ಮೆಲ್ಲಾ ಟೈರ್ ಒರೆಸ್ಕಂಡಿರು ಕಣ್ಲಾ" ಎಂದ. ಟೀಚರಮ್ಮ ಮಾತ್ರ, "ಪೇಪರ್ ನೋಡೋರು ಶಿರಾ ಕಡೇರಾಗಿರ್ಲಿ ಅಂತ ಭಾನುವಾರ ಪ್ರಾರ್ಥನೆ ಮಾಡ್ತೀನಿ ಬುಡು" ಎಂದರು.

ಪಾಸಾದೆ. ಕಂಡಕ್ಟರನೂ ಆದೆ. ಅವರು ಮುಂದೆ ತಂಗಿಯ ಊರಿಗೆ ಹೋದರು. ತೀರಿಕೊಂಡ ಸುದ್ದಿ ಮಿಡಿಗೇಶಿಯಲ್ಲಿ ಬಸ್ಸು ಹತ್ತಿದವರೊಬ್ಬರ ಬಾಯಿಂದ ಬಂತು. ಬಸ್ಸಿನ ತುಂಬಾ ಜನ. ಅವರು ದಕ್ಕಿಸಿಕೊಟ್ಟ ಕೆಲಸವೇ ನನ್ನನ್ನು ಅವರ ಮಣ್ಣಿಗೆ ಹೋಗಗೊಡಲಿಲ್ಲ. ಬಿಟ್ಟು ಹೋಗಿದ್ದರೆ ಅವರೇ ಬೈಯುತ್ತಿದ್ದರೇನೋ...

ಈಗ ನಾನೂ ನಿವೃತ್ತ. ಯಾರ ಮನೆಗಾದರೂ ಹೋಗಿ ಸಂಜೆಯೆಲ್ಲ ಕೂರುವಷ್ಟು ಬಿಡುವಿದೆ. ಅವರಿಲ್ಲ.