ಚಿಕ್ಕಮ್ಮನ ತಲೆ ತಿರುಗುವ ವಿಚಾರ

ನಮ್ಮ ಚಿಕ್ಕಮ್ಮ "ಎದ್ದರೆ ತಲೆ ತಿರುಗುತ್ತೆ" ಅಂದಳು. ಬೈಂಡಿಂಗ್ ಶಾಪಿನ ಹೊಸ ಮ್ಯಾನೇಜರು ಅದನ್ನು "ಆ ಹೆಂಗಸಿಗೆ ತಲೆ ತಿರುಗಿದೆ" ಎಂದು ಊರೆಲ್ಲ ಸಾರಿದರು. ಈ ಎರಡು ಮಾತಿನ ನಡುವೆ ಅವಳ ಕೆಲಸವೇ ಹೋಗುವುದರಲ್ಲಿತ್ತು.

ಇಪ್ಪತ್ತಾರು ವರ್ಷದಿಂದ ಅವಳು ಗಿಡ್ಡ ಸ್ಟೂಲಿನ ಮೇಲೆ ಕೂತು ಪುಸ್ತಕ ಹೊಲಿಯುತ್ತಾಳೆ. ಪಕ್ಕದಲ್ಲಿ ರಟ್ಟು ಅಂಟಿಸುವವಳು ನಾನು. ತಾವು ಒಳಗೆ ಬಂದಾಗ ಎಲ್ಲರೂ ಎದ್ದು ನಿಲ್ಲಬೇಕು ಎಂಬುದು ಮ್ಯಾನೇಜರು ತಂದ ಕಾನೂನು. ಮೊದಲ ದಿನವೇ ಚಿಕ್ಕಮ್ಮ ದಡಕ್ಕನೆ ಎದ್ದಳು, ಕಣ್ಣು ಕತ್ತಲೆ ಬಂದು ಬಿದ್ದಳು. ಮೇಜಿನ ಅಂಚು ಬಡಿದು ಹಣೆಗೆ ಮೂರು ಹೊಲಿಗೆ ಬಿತ್ತು. ಆ ಹೊಲಿಗೆ ಸೊಟ್ಟಗಿದೆ ಎಂದು ಅವಳ ತಕರಾರು ಬೇರೆ.

ಡಾಕ್ಟರು ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿ.ಪಿ. ನೋಡಿದರು. "ಎದ್ದ ಕೂಡಲೇ ಬಿ.ಪಿ. ಇಳಿದುಬಿಡುತ್ತೆ. ತಲೆಗೆ ರಕ್ತ ಏರೋದು ತಡ. ನಿಧಾನಕ್ಕೆ ಏಳಮ್ಮ."

"ನಮ್ಮ ಮ್ಯಾನೇಜರು ನಂಗೆ ಪಿತ್ತ ನೆತ್ತಿಗೇರಿದೆ ಅಂತಾರೆ. ರಕ್ತಾನೇ ಏರ್ತಿಲ್ಲ, ಪಿತ್ತ ಎಲ್ಲಿ ಏರುತ್ತೆ ಡಾಕ್ಟ್ರೇ?" ಅಂದಳು ಚಿಕ್ಕಮ್ಮ.

ಡಾಕ್ಟರ ಚೀಟಿಯನ್ನು ಮ್ಯಾನೇಜರು ಓದಲೂ ಇಲ್ಲ. "ಕೂತಿರೋಕೂ ಒಂದು ಚೀಟಿನಾ? ನಾಳೆ ಏಳದಿದ್ರೆ ನಾಡಿದ್ದಿಂದ ಬರಲೇಬೇಡಿ" ಎಂದರು.

ನನಗೆ ಭಯವಾಯಿತು. "ಅವರು ಬರೋಕೆ ಮುಂಚೇನೇ ಮೆಲ್ಲಗೆ ಎದ್ದು ನಿಂತಿರು ಚಿಕ್ಕಮ್ಮ" ಎಂದು ಬೇಡಿಕೊಂಡೆ.

"ನಾನೇನು ಮೊಳೆಗೆ ಹಾಕಿದ ಕೋಟಾ, ನೇತಾಡ್ತಾ ಇರೋಕೆ?" ಎಂದು ನನಗೇ ಗದರಿದಳು.

ಮರುದಿನ ಮ್ಯಾನೇಜರು ಬಂದರು. ಸ್ಟೂಲುಗಳು ಕಿರ್ರೆಂದವು, ಎಲ್ಲರೂ ಎದ್ದೆವು. ಚಿಕ್ಕಮ್ಮ ಮಾತ್ರ ಕೂತೇ ಇದ್ದಳು.

"ಏಳಲ್ವಾ?"

"ಏಳ್ತೀನಿ ಸಾರ್. ಸ್ವಲ್ಪ ನಿಂತಿರಿ."

ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. ಹಾಳೆಗಳನ್ನು ಪಕ್ಕಕ್ಕೆ ಸರಿಸಿದಳು. ಪಾದಗಳನ್ನು ಮೇಲೆ ಕೆಳಗೆ ಆಡಿಸಿದಳು. ನೀರು ಕುಡಿದು ಬಾಟಲಿಯ ಮುಚ್ಚಳ ತಿರುಗಿಸಿದಳು. ಮೇಜು ಹಿಡಿದು ಅರ್ಧ ಎದ್ದು ಅಲ್ಲೇ ಬಗ್ಗಿ ನಿಂತಳು. ಮ್ಯಾನೇಜರು ಫೈಲನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿದರು. ಯಾರು ಯಾರಿಗಾಗಿ ನಿಂತಿದ್ದಾರೆ ಎಂಬುದು ಇಡೀ ಶಾಪಿಗೆ ಕಾಣುತ್ತಿತ್ತು. ನನಗಂತೂ ಭಯ ಹೋಗಿ ಹೆಮ್ಮೆಯಾಯಿತು.

ಕೊನೆಗೆ ಅವಳು ನೆಟ್ಟಗೆ ನಿಂತಳು. "ಎದ್ದೆ ಸಾರ್. ಏನು ಕೆಲಸ ಇತ್ತು ಹೇಳಿ."

ಮ್ಯಾನೇಜರು ಫೈಲು ತೆರೆದು ನೋಡಿದರು. ಕೆಲಸ ಏನೂ ಇರಲಿಲ್ಲ.

"ಏನಿಲ್ಲ... ಕೂತ್ಕೊಳ್ಳಿ. ನಾಳೆಯಿಂದ ಕೂತೇ ಇರಿ."

"ಕೂರೋಕೆ ನಂಗೆ ತಡ ಆಗಲ್ಲ" ಎಂದು ಚಿಕ್ಕಮ್ಮ ಕೂತಳು.