ಪೂಜೆಗೆ ಕೂತ ಸ್ಕಾಟ್ಲೆಂಡಿನ ಕಾಗದಗಳು

ನಮ್ಮ ರಿಚರ್ಡ್ಸ್ ಟೌನಿನ ಮನೆಯಲ್ಲಿ ಸ್ಕಾಟ್ಲೆಂಡಿನ ಒಬ್ಬ ಹೆಂಗಸಿನ ಕಾಗದಗಳಿಗೆ ಪ್ರತಿ ವರ್ಷ ಸರಸ್ವತಿ ಪೂಜೆ ನಡೆಯುತ್ತಿತ್ತು. ಮಾಡುತ್ತಿದ್ದವಳು ನನ್ನ ಓರಗಿತ್ತಿ. ನಮ್ಮ ಮಾವನವರು ಈ ಬಂಗಲೆಯನ್ನು ಫರ್ನಿಚರ್ ಸಮೇತ ಕೊಂಡಾಗ ಬೀರುವಿನೊಳಗೆ ಒಂದು ತಗಡಿನ ಪೆಟ್ಟಿಗೆಯೂ ಬಂದಿತ್ತು. ಅದರ ತುಂಬ ರಿಬ್ಬನ್ ಕಟ್ಟಿದ ಕಂತೆಗಳು. ಇಂಗ್ಲಿಷು, ಮಾಸಿದ ಶಾಯಿ, ದಪ್ಪ ದಪ್ಪ ಮುದ್ರೆಗಳು. ಇಷ್ಟೊಂದು ಗಂಭೀರವಾಗಿರುವುದು ಮನೆಯ ಆಸ್ತಿ ಕಾಗದವೇ ಇರಬೇಕೆಂದು ಓರಗಿತ್ತಿ ತೀರ್ಮಾನಿಸಿ, ನವರಾತ್ರಿಯಲ್ಲಿ ಪುಸ್ತಕಗಳ ಪಕ್ಕದಲ್ಲಿ ಪೆಟ್ಟಿಗೆಯನ್ನೂ ಕೂರಿಸಿ, ಒಂದೊಂದು ಲಕೋಟೆಗೂ ಅರಿಶಿನ ಕುಂಕುಮ ಹಚ್ಚಿದಳು. ಹಾಗೆ ಹಚ್ಚುತ್ತಲೇ ನಾವಿಬ್ಬರೂ ಮುದುಕಿಯರಾದೆವು.

ನಾನು ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರ್‌ಗಳು ಗೆಣ್ಣಿಗೆ ಸ್ಕೇಲಿನಿಂದ ತಟ್ಟಿ ಕಲಿಸಿದ ರನ್ನಿಂಗ್ ಹ್ಯಾಂಡ್ ನನ್ನದು. ಎಂಥ ಬಾಗು ಬಳುಕಿನ ಅಕ್ಷರವನ್ನಾದರೂ ಓದಬಲ್ಲೆ. ಆದರೆ ದೇವರ ಮನೆಯ ಬೀಗದ ಕೈ ಓರಗಿತ್ತಿಯ ಸೊಂಟದಲ್ಲಿತ್ತು. ಒಂದು ಮಧ್ಯಾಹ್ನ ಟ್ಯಾಬ್ಲೆಟ್ಟಿನಲ್ಲಿ ಸುಮ್ಮನೆ ನಮ್ಮ ರಸ್ತೆಯ ಹಳೆಯ ಹೆಸರು ಹುಡುಕಿದಾಗ ಸ್ಕಾಟ್ಲೆಂಡಿನ ಒಂದು ಆರ್ಕೈವ್ ಸಿಕ್ಕಿತು. ಜನರ ಹಳೆಯ ಕಾಗದಪತ್ರಗಳನ್ನು ಜೋಪಾನವಾಗಿಡುವ ಜಾಗ ಅದು. ನಮ್ಮ ಮನೆಯಲ್ಲಿ ಹಿಂದೆ ಇದ್ದ ಸ್ಕಾಟ್ಲೆಂಡಿನ ಹೆಂಗಸೊಬ್ಬಳು ತನ್ನ ಊರಿನಲ್ಲಿದ್ದ ತಂಗಿಗೆ ಬರೆದ ಕಾಗದಗಳೆಲ್ಲ ಅಲ್ಲಿವೆಯಂತೆ. ತಂಗಿಯ ಉತ್ತರಗಳು ಮಾತ್ರ ಸಿಕ್ಕಿಲ್ಲವಂತೆ.

ಸಿಗುವುದು ಹೇಗೆ, ಅವು ನಮ್ಮ ಸರಸ್ವತಿಯ ಪಕ್ಕದಲ್ಲಿ ಕುಂಕುಮ ಹಚ್ಚಿಕೊಂಡು ಕೂತಿದ್ದವು.

ಅಕ್ಕನ ಮಾತು ಅಲ್ಲಿ, ತಂಗಿಯ ಜವಾಬು ಇಲ್ಲಿ. ಎರಡನ್ನೂ ಒಂದು ಕಡೆ ಸೇರಿಸಲೇಬೇಕೆಂಬ ಹಟ ನನಗೆ ಹತ್ತಿತು. ನನಗೂ ಒಬ್ಬಳು ತಂಗಿಯಿದ್ದಳು. ನಾವು ದಿನವೂ ಫೋನಿನಲ್ಲಿ ಗಂಟೆಗಟ್ಟಲೆ ಹರಟಿದೆವು. ಅದರಲ್ಲಿ ಒಂದು ಚೂರೂ ಎಲ್ಲೂ ಉಳಿದಿಲ್ಲ.

ಓರಗಿತ್ತಿ ಒಪ್ಪಲಿಲ್ಲ. “ಅಕ್ಕಾ, ಇದು ಆಸ್ತಿದಲ್ಲ, ಬರೀ ಪರ್ಸನಲ್ ಲೆಟರ್ಸು,” ಅಂದೆ.

“ಏನಾದ್ರೂ ಇರ್ಲಿ ಬಿಡೇ. ಇಷ್ಟು ವರ್ಷ ಪೂಜೆ ಮಾಡಿಸ್ಕೊಂಡಿದೆ. ಈಗ ಸರಸ್ವತೀನ ಫಾರಿನ್‌ಗೆ ಪಾರ್ಸೆಲ್ ಮಾಡ್ತೀಯಾ?”

ಕಾಡಿ ಬೇಡಿ ಕೆಲವು ಲಕೋಟೆಗಳ ಫೋಟೋ ತೆಗೆದು ಆರ್ಕೈವಿಗೆ ಕಳಿಸಿದೆ. ಅಲ್ಲಿನ ಅಧಿಕಾರಿ ಹೆಣ್ಣುಮಗಳಿಂದ ತುಂಬ ಪೊಲೈಟ್ ಆದ ಉತ್ತರ ಬಂತು. ಲಕೋಟೆಗಳ ಮೇಲಿನ ಹಳದಿ ಕೆಂಪು ಚುಕ್ಕೆ ಯಾವುದೋ ಅಪರೂಪದ ಬೂಷ್ಟು ಇರಬಹುದು, ದಯವಿಟ್ಟು ಕೈಗವಸು ಹಾಕಿಕೊಳ್ಳಿ, ಪೆಟ್ಟಿಗೆಯನ್ನು ಬೇರೆ ಕೋಣೆಯಲ್ಲಿಡಿ ಎಂದು.

“ಅರಿಶಿನ ಕುಂಕುಮಕ್ಕೆ ಬೂಷ್ಟು ಅಂದ್ಲಾ?” ಓರಗಿತ್ತಿ ಪೆಟ್ಟಿಗೆಯ ಮುಚ್ಚಳ ಹಾಕಿದಳು. “ಖಂಡಿತ ಕಳಿಸಲ್ಲ, ಹೋಗು.”

ಕಾಗದಗಳನ್ನು ಓದಿ ಹೇಳಿದರೆ ಮನಸ್ಸು ಕರಗೀತೆಂದುಕೊಂಡೆ. ದಿನವೂ ಊಟವಾದ ಮೇಲೆ ಮೊದಲು ಇಂಗ್ಲಿಷಿನಲ್ಲಿ ಓದಿ, ಆಮೇಲೆ ಕನ್ನಡದಲ್ಲಿ ಹೇಳತೊಡಗಿದೆ. ತೊಂದರೆಯೆಂದರೆ ತಂಗಿ ಮಹಾತಾಯಿ ಮಾಂಸದ ಸುದ್ದಿ ಇಲ್ಲದೆ ಒಂದು ಪುಟವನ್ನೂ ದಾಟುತ್ತಿರಲಿಲ್ಲ. ದೇವರ ಮನೆಯಲ್ಲಿ ಇಷ್ಟು ಕಾಲ ಇದು ಕೂತಿತ್ತೆಂದು ಓರಗಿತ್ತಿಗೆ ಗೊತ್ತಾದರೆ ಗತಿಯೇನು? ನಾನು ಕುರಿಯನ್ನೆಲ್ಲ ಸೋರೆಕಾಯಿ ಮಾಡಿದೆ. ಸೋರೆಕಾಯಿ ಸೂಪು, ಸೋರೆಕಾಯಿ ಹುರಿದದ್ದು, ಭಾನುವಾರ ಪಾದ್ರಿಗಳು ಬಂದಾಗ ಇಡೀ ಸೋರೆಕಾಯಿ.

ನಾಲ್ಕನೆಯ ಕಾಗದಕ್ಕೆ ಅವಳು ಕೇಳಿದಳು: “ಅಲ್ವೇ, ಸೋರೆಕಾಯಿಗೆ ಬೋನ್ ಇರುತ್ತಾ?”

ನಾನು ಕನ್ನಡಕ ಒರೆಸಿದೆ.

“ಬೋನ್ ಅಂದ್ರೇನು ಅಂತ ನನಗೆ ಗೊತ್ತಿಲ್ವಾ? ಮಂಡಿ ಡಾಕ್ಟ್ರು ಹೋದಾಗೆಲ್ಲ ಅದನ್ನೇ ತೋರಿಸ್ತಾರೆ. ಕಾನ್ವೆಂಟಲ್ಲಿ ಸುಳ್ಳು ಹೇಳೋದೂ ಸರಿಯಾಗಿ ಕಲಿಸ್ಲಿಲ್ಲ ನಿಂಗೆ. ಇದ್ದದ್ದು ಇದ್ದಹಾಗೆ ಓದು.”

ಇದ್ದಹಾಗೆ ಓದಿದೆ. ಎದ್ದು ಹೋಗುತ್ತಾಳೆಂದುಕೊಂಡರೆ ಅವಳು ಗೋಡೆಗೆ ಒರಗಿ ಕಾಲು ಚಾಚಿದಳು. ಕಾರಣ, ಅಷ್ಟರಲ್ಲಿ ಕೋಳಿಯ ಜಗಳ ಶುರುವಾಗಿತ್ತು. ಪಕ್ಕದ ಮನೆಯವಳ ಕೋಳಿ ಬೇಲಿ ನುಸುಳಿ ಬಂದು ತಂಗಿಯ ತೋಟದಲ್ಲಿ ಮೊಟ್ಟೆಯಿಡುತ್ತದೆ. ತೋಟ ಕೆದರಿದ್ದಕ್ಕೆ ಕ್ಷಮೆ ಕೇಳುವ ಬದಲು ಆ ಪಕ್ಕದ ಮನೆಯವಳು ದಿನಾ ಬೆಳಿಗ್ಗೆ ಬುಟ್ಟಿ ಹಿಡಿದು ಬಾಗಿಲಿಗೆ ಬಂದು, ನನ್ನ ಮೊಟ್ಟೆ ಕೊಡು ಎನ್ನುತ್ತಾಳೆ. ಏನು ಮಾಡಲಿ ಅಕ್ಕಾ, ಎಂದು ತಂಗಿ ಬೆಂಗಳೂರಿಗೆ ಬರೆದಿದ್ದಾಳೆ. ಮುಂದಿನ ಕಾಗದದಲ್ಲಿ, ನೀನು ಹೇಳಿದ ಹಾಗೇ ಮಾಡಿದೆ, ಅವಳು ಈಗ ನನ್ನ ಮುಖ ಕಂಡರೆ ಪರದೆ ಎಳೆದುಕೊಳ್ಳುತ್ತಾಳೆ, ಎಂದಿದೆ.

“ಅಕ್ಕ ಏನು ಹೇಳಿದ್ಲು?” ಓರಗಿತ್ತಿ ಕೇಳಿದಳು.

“ಅದು ಇಲ್ಲಿಲ್ಲ. ಸ್ಕಾಟ್ಲೆಂಡಲ್ಲಿದೆ.”

ಅವಳಿಗೆ ಅಂದು ಮಧ್ಯಾಹ್ನದ ನಿದ್ದೆ ಬರಲಿಲ್ಲ. ಕಾಫಿ ಕಾಯಿಸುತ್ತ ಹೇಳಿದಳು: “ಕೋಳೀನ ಕಟ್ಟಿಹಾಕು ಅಂದಿರ್ಬೇಕು.” ಲೋಟ ತೊಳೆಯುತ್ತ ಅಂದಳು: “ಇಲ್ಲ, ಇವಳು ಕಿಲಾಡಿ. ಬೇರೆ ಏನೋ ಇದೆ.” ಕೊನೆಗೆ ಅವಳೇ ಟ್ಯಾಬ್ಲೆಟ್ ತಂದು ನನ್ನ ತೊಡೆಯ ಮೇಲಿಟ್ಟಳು. “ಆ ಬೂಷ್ಟಿನ ಹುಡುಗೀನ ಕರಿ.”

ಅಧಿಕಾರಿ ವಿಡಿಯೋ ಕಾಲಿಗೆ ಬಂದಳು. ನಾನು ಮೊದಲು ಕುಂಕುಮ, ಆಮೇಲೆ ಕೋಳಿ, ಎರಡನ್ನೂ ವಿವರಿಸಿದೆ. ಆಕೆ ಗಂಭೀರವಾಗಿ ಬರೆದುಕೊಂಡು, ಹಾಗಾದರೆ ಚುಕ್ಕೆಗಳನ್ನು ಅಳಿಸಬೇಡಿ, ಕಾಗದಗಳ ಚರಿತ್ರೆಯಲ್ಲಿ ಅದೂ ಸೇರಿತು, ಕ್ಯಾಟಲಾಗಿನಲ್ಲಿ ನಮೂದಿಸುತ್ತೇವೆ ಎಂದಳು. ಇದನ್ನು ಕನ್ನಡದಲ್ಲಿ ಹೇಳಿದಾಗ ಓರಗಿತ್ತಿ ಸೆರಗು ಸರಿಮಾಡಿಕೊಂಡಳು. ಆಮೇಲೆ ಅಧಿಕಾರಿ ಎದ್ದು ಹೋಗಿ ಒಂದು ಫೈಲು ತಂದು, ಪುಟ ತಿರುವಿ, ಅಕ್ಕನ ಕಾಗದವನ್ನು ಓದಿದಳು. ನಾನು ಕನ್ನಡಿಸಿದೆ.

“ಮೊಟ್ಟೆಗಳನ್ನು ಅವಳಿಗೆ ತಪ್ಪದೆ ಕೊಡು. ಬೇಯಿಸಿ ಕೊಡು. ಬೇಯಿಸಿದ್ದೆಂದು ಹೇಳಬೇಡ.”

ಜನ್ಮದಲ್ಲಿ ಮೊಟ್ಟೆ ಮುಟ್ಟದ ನನ್ನ ಓರಗಿತ್ತಿ ಬಾಯಿಗೆ ಸೆರಗು ಒತ್ತಿಕೊಂಡು ನಗಲು ಶುರುಮಾಡಿದವಳು ಕೆಮ್ಮು ಬರುವವರೆಗೂ ನಿಲ್ಲಿಸಲಿಲ್ಲ. ಟ್ಯಾಬ್ಲೆಟ್ಟಿನೊಳಗೆ ಅಧಿಕಾರಿಯೂ ನಗುತ್ತಿದ್ದಳು.

“ತಂಗೀದೆಲ್ಲ ಕಳಿಸ್ಬಿಡೇ,” ಅಂದಳು ಓರಗಿತ್ತಿ ಕಣ್ಣೊರೆಸಿಕೊಳ್ಳುತ್ತ. “ಅರ್ಧ ಮಾತು ಕೇಳ್ಕೊಂಡು ಅಲ್ಲಿ ಅವರಿಗೂ ಊಟ ಸೇರ್ತಿರ್ಲಿಕ್ಕಿಲ್ಲ. ಆದ್ರೆ ಅಕ್ಕಂದು ಪೂರ್ತಿ ಫೋಟೋ ಬರ್ಬೇಕು ನಮಗೆ, ಹೇಳು ಅವಳಿಗೆ.”

ಕಳಿಸುವ ದಿನ ಅವಳು ಕಳಶ ಕದಲಿಸುವ ಹಾಗೆ ಪೆಟ್ಟಿಗೆಯನ್ನು ಉತ್ತರಕ್ಕೆ ತುಸು ಸರಿಸಿ, ಹೋಗಿ ಬಾ ಎಂದಳು. ಕೊರಿಯರ್‌ನವನು ಬಂದು ಅದನ್ನು ಸ್ಕೂಟರಿನಲ್ಲಿ ಕಾಲಿಡುವ ಜಾಗದಲ್ಲಿ ಇಡಲು ಹೋದ. ಅಷ್ಟೇ ಸಾಕಾಯಿತು. ಅವನ ಕೈಯಿಂದ ಕಿತ್ತುಕೊಂಡು, ಆಟೋ ಹಿಡಿಸಿ, ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಹಲಸೂರಿನ ಕೊರಿಯರ್ ಆಫೀಸಿಗೆ ತಾನೇ ಹೊರಟಳು. ನಾನು ಪಕ್ಕಕ್ಕೆ ತೂರಿಕೊಂಡೆ. ಕೆರೆಯ ಹತ್ತಿರ ರಸ್ತೆಯ ಹಂಪಿನ ಮೇಲೆ ಆಟೋ ಹಾರಿತು.

“ನಿಧಾನ ಕಣಪ್ಪ,” ಅಂದಳು. “ಮೂರು ಜನ ಹೆಂಗಸರಿದೀವಿ.”

ಡ್ರೈವರ್ ಕನ್ನಡಿಯಲ್ಲಿ ನಮ್ಮನ್ನು ಎರಡೆರಡು ಸಲ ಎಣಿಸಿದ.