ಪಕ್ಕದಲ್ಲಿ ಕೂರುತ್ತಿದ್ದವರು

ಮೇಡಂ ಅವರಿಗೆ ಎಡಗಿವಿ ಒಂದಿಷ್ಟೂ ಕೇಳಿಸುತ್ತಿರಲಿಲ್ಲ. ಅದಕ್ಕೇ ಯಾರು ಬಂದರೂ ಎದುರಿಗೆ ಕೂರದೆ, ಬಂದವರ ಎಡಪಕ್ಕಕ್ಕೆ ಕುರ್ಚಿ ಎಳೆದುಕೊಂಡು, ನರೆಗೂದಲನ್ನು ಬಲಗಿವಿಯ ಹಿಂದೆ ಸರಿಸಿ ತಲೆ ವಾಲಿಸುತ್ತಿದ್ದರು. ಮೇಜಿನೆದುರು ಕೈಕಟ್ಟಿ ನಿಂತು ಬೈಸಿಕೊಂಡೇ ಬೆಳೆದವನು ನಾನು. ದೊಡ್ಡವರೊಬ್ಬರು ಹೀಗೆ ಪಕ್ಕದಲ್ಲಿ ಬಂದು ಕೂತಾಗ ಮೊದಲ ಸಲ ಎಲ್ಲಿ ನೋಡಬೇಕೆಂದೇ ತಿಳಿಯಲಿಲ್ಲ.

ಅವರು ಧಾರವಾಡದ ಕಡೆಯವರು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ತಿರುವನಂತಪುರದ ಕೇಂದ್ರ ಸರ್ಕಾರಿ ಕಚೇರಿಯೊಂದರಿಂದ ನಿವೃತ್ತರಾದ ಮೇಲೆ, ಉಳ್ಳೂರ್ ಜಂಕ್ಷನ್ ಹತ್ತಿರದ ಬಾಡಿಗೆ ಮನೆಯ ಮುಂದಿನ ಕೋಣೆಯನ್ನು ಕಾಲೇಜು ಹುಡುಗರಿಗೆಂದೇ ಬಿಟ್ಟುಕೊಟ್ಟಿದ್ದರು. ಹಾಜರಾತಿ ಸಾಲದವರು, ಹಾಸ್ಟೆಲಿನಿಂದ ಹೊರಬಿದ್ದವರು, ಮರುಮೌಲ್ಯಮಾಪನಕ್ಕೆ ಯಾರನ್ನು ಕೇಳಬೇಕೆಂದು ತಿಳಿಯದವರು ಎಲ್ಲರೂ ಅಲ್ಲಿಗೆ ಬರುತ್ತಿದ್ದರು. ಒಮ್ಮೆ ಕಾಲೇಜಿನವರೇ ತಮ್ಮಲ್ಲಿ ಒಂದು ಕೋಣೆ ಕೊಡುತ್ತೇವೆಂದರೂ ಒಪ್ಪಲಿಲ್ಲ. “ಅವರ ಖೋಲ್ಯಾಗ ಕೂತು ಅವರನ್ನ ಹೆಂಗ ಪ್ರಶ್ನೆ ಕೇಳ್ಲಿ?” ಎಂದು ನನ್ನ ಹತ್ತಿರ ನಕ್ಕಿದ್ದರು.

ಯಾರಿಗೂ ಅರ್ಜಿ ಬರೆದುಕೊಡುತ್ತಿರಲಿಲ್ಲ. ನಾವೇ ಬರೆದು ಗಟ್ಟಿಯಾಗಿ ಓದಬೇಕಿತ್ತು. ಎಲ್ಲಿ ದನಿ ತಗ್ಗಿತೋ ಅಲ್ಲಿ ಮೇಜಿನ ಮೇಲೆ ಬೆರಳು ಬಡಿಯುತ್ತಿದ್ದರು. ವಿಚಾರಣೆಯ ದಿನ ಜೊತೆಗೆ ಬಂದು ಪಕ್ಕದಲ್ಲಿ ಕೂರುತ್ತಿದ್ದರು. ಆದರೆ ನಮ್ಮ ಪರವಾಗಿ ಒಂದು ಮಾತೂ ಆಡುತ್ತಿರಲಿಲ್ಲ, ಆಡಬೇಕಾದವರು ನಾವೇ.

ನಾನಾಗ ಶ್ರೀಕಾರ್ಯಂನಲ್ಲಿ ರೂಮು ಮಾಡಿಕೊಂಡು ಎಂಜಿನಿಯರಿಂಗ್ ಕೊನೆಯ ವರ್ಷ ಓದುತ್ತಿದ್ದೆ. ಪ್ರಾಜೆಕ್ಟ್ ವರದಿಯನ್ನು ಹಳೆಯ ವಿದ್ಯಾರ್ಥಿಯೊಬ್ಬನದರಿಂದ ನಕಲು ಮಾಡಿದ್ದೇನೆಂದು ನೋಟಿಸ್ ಬಂದಿತ್ತು. ಡಿಗ್ರಿಯೇ ಕೈತಪ್ಪುವ ಹಾಗಿತ್ತು. ಆಕಸ್ಮಿಕ ಹೋಲಿಕೆ ಎಂದು ಚೆಂದವಾಗಿ ಬರೆದುಕೊಂಡು ಹೋಗಿ ಓದಿದೆ. ಬೆರಳು ಬಡಿಯಿತು.

“ಇನ್ನೊಮ್ಮೆ ಓದು.”

ಓದಿದೆ. ಮತ್ತೆ ಅಲ್ಲೇ ಬಡಿಯಿತು.

“ಖರೇ ಹೇಳಪಾ, ಎಷ್ಟು ಕದ್ದೀ?”

“ಎರಡು ಚಾಪ್ಟರ್, ಮೇಡಂ.”

“ಹಂಗಂತನ ಬರಿ. ನಿನ್ನ ಜೋಡಿ ನಾ ಕೂಡ್ತೀನಿ. ಸುಳ್ಳಿನ ಜೋಡಿ ಕೂಡಂಗಿಲ್ಲ.”

ಬರೆದೆನೇನೋ ಹೌದು. ವಿಚಾರಣೆಯ ದಿನ ಬೆಳಿಗ್ಗೆ ಮಾತ್ರ ಧೈರ್ಯ ಸಾಲದೆ ಫೋನ್ ಆಫ್ ಮಾಡಿ, ಎರ್ನಾಕುಲಂ ರೈಲು ಹತ್ತಿ ಗೆಳೆಯನ ರೂಮಿಗೆ ಓಡಿಹೋದೆ. ಮರುದಿನ ಮುಖ ಸಣ್ಣಗೆ ಮಾಡಿಕೊಂಡು ಉಳ್ಳೂರಿಗೆ ಬಂದಾಗ ತಿಳಿಯಿತು, ಮೇಡಂ ವಿಚಾರಣೆ ನಡೆಯಬೇಕಿದ್ದ ಕಚೇರಿಯ ಹೊರಗೆ ಸಂಜೆಯವರೆಗೂ ನನಗಾಗಿ ಕಾದಿದ್ದರು. ಆಮೇಲೆ ಒಳಗೆ ಹೋಗಿ ಇನ್ನೊಂದು ದಿನ ಕೇಳಿ ಪಡೆದಿದ್ದರು. ಮಂಗಳಾರತಿ ಕಾದಿದೆ ಎಂದುಕೊಂಡಿದ್ದೆ. “ಊಟ ಆಗೇದೇನು?” ಎಂದರು. ಕೈತೊಳೆಯುವಾಗ, “ಸೋಮವಾರ ಹತ್ತಕ್ಕ ಹೋಗೋದದ” ಎಂದರು. ಬೈದಿದ್ದರೆ ನನಗೇ ಹಗುರವಾಗುತ್ತಿತ್ತು.

ಸೋಮವಾರ ತಪ್ಪೊಪ್ಪಿಕೊಂಡು ಓದಿದೆ. ಒಂದು ಸೆಮಿಸ್ಟರ್ ಹೋಯಿತು, ಡಿಗ್ರಿ ಉಳಿಯಿತು. ಇವತ್ತು ಕೊಚ್ಚಿಯ ಕಾಕ್ಕನಾಡಿನ ಐಟಿ ಪಾರ್ಕಿನಲ್ಲಿ ದುಡಿದು ನಾನು ತಿನ್ನುತ್ತಿರುವ ಅನ್ನ ಅವರು ಕೊಡಿಸಿದ್ದು.

ಹೋದ ವರ್ಷ ಒಂದು ಮಧ್ಯಾಹ್ನ ಅವರೇ ಫೋನ್ ಮಾಡಿದರು. “ಗುರುವಾರ ನನ್ನ ರಿಪೋರ್ಟ್ ಬರ್ತಾವಪಾ. ಡಾಕ್ಟರ್ ಬಾ ಅಂದಾರ. ನೀ ಬಂದು ಜೋಡಿ ಕೂಡ್ತೀಯೇನು?”

ಅಷ್ಟು ವರ್ಷಗಳಲ್ಲಿ ಅವರು ನನ್ನಲ್ಲಿ ಕೇಳಿದ್ದು ಅದೊಂದೇ. ಆ ವಾರ ನಮ್ಮ ತಂಡದ ಸಾಫ್ಟ್‌ವೇರ್ ರಿಲೀಸ್ ಇತ್ತು. “ಮುಂದಿನ ವಾರ ಖಂಡಿತ ಬರ್ತೀನಿ ಮೇಡಂ” ಎಂದೆ. “ಆಗ್ಲಿ ಬಿಡು, ಕೆಲಸ ನೋಡ್ಕೋ” ಎಂದರು. ಮುಂದಿನ ವಾರವೂ ನಾನು ಹೋಗಲಿಲ್ಲ. ಹೇಳಿಕೊಳ್ಳುವಂಥ ಕಾರಣವೂ ಇರಲಿಲ್ಲ. ಎರಡೇ ತಿಂಗಳಲ್ಲಿ ಅವರು ಹೋಗಿಬಿಟ್ಟರು.

ನಾನು ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಮಹಡಿಯ ಮೇಲಿದ್ದ ಮನೆಯೊಡತಿ, ನಾವೆಲ್ಲ ಚೇಚಿ, ಅಂದರೆ ಅಕ್ಕ, ಎನ್ನುತ್ತಿದ್ದವರು, ಕೆಳಗಿಳಿದು ಬಂದು ನನ್ನನ್ನು ಕೂರಿಸಿ, ಮಲಯಾಳದಲ್ಲಿ ನಿಧಾನವಾಗಿ ಹೇಳಿದರು. ಆ ಗುರುವಾರ ಮೇಡಂ ಜೊತೆ ಆಸ್ಪತ್ರೆಗೆ ತಾನೂ ಬರುತ್ತೇನೆಂದು ಚೇಚಿ ಹೊರಟಿದ್ದರಂತೆ. “ವೇಂಡ, ಮೋನ್ ವರುಂ” ಎಂದು ಮೇಡಂ ತಡೆದಿದ್ದರಂತೆ. ಬೇಡ, ಮಗ ಬರುತ್ತಾನೆ.

“ಆ ಮೋನ್ ನೀನೇ ಅಲ್ಲವೇ?” ಎಂದು ಚೇಚಿ ನನ್ನ ಕೈಹಿಡಿದುಕೊಂಡರು. “ಅವತ್ತು ಡಾಕ್ಟರ್ ಏನು ಹೇಳಿದರು?”

“ನಾನು ಹೋಗಿರಲಿಲ್ಲ, ಚೇಚಿ” ಎಂದೆ.